6×6, 6×17, ಹೊರೈಜನ್ ನೆಗೆಟಿವ್‌ಗಳಿಗೆ ಯಾವ ಸ್ಕ್ಯಾನರ್ ತಗೋಬೇಕು?

ಬೆಣ್ಣೆನಗರಿ, ದಾವಣಗೆರೆ

ಎಲ್ರಿಗೂ ನಮಸ್ಕಾರ. ಹಳೇ ಸ್ಟುಡಿಯೋ ಒಂದರ ನೆಗೆಟಿವ್‌ಗಳನ್ನ ಡಿಜಿಟಲ್‌ಗೆ ತರೋ ಕೆಲಸ ಇದೆ. ಯಾವ ಸ್ಕ್ಯಾನರ್ ಅನ್ನೋದು ಬಗೆಹರೀತಾ ಇಲ್ಲ.

ಮೂರು ಥರದ ನೆಗೆಟಿವ್ ಇವೆ. 120 ಫಿಲ್ಮ್‌ನ (ಸುಮಾರು 6 ಸೆಂಮೀ ಅಗಲದ ರೋಲ್) 6×6 ಸೆಂಮೀ ಚೌಕದ್ದು ಸುಮಾರು 600 ಫ್ರೇಮ್, ಮುಕ್ಕಾಲು ಪಾಲು ಕಪ್ಪು-ಬಿಳುಪು. ಮದುವೆ, ನಾಮಕರಣ, ಶಾಲೆಗಳ ಗ್ರೂಪ್ ಫೋಟೊ. ಕೆಲವು ಮೂರು ಫ್ರೇಮಿನ ತುಂಡು, ಕೆಲವು ನಾಲ್ಕು ಫ್ರೇಮಿನವು. ಆಮೇಲೆ 6×17 ಪನೋರಮಾ 40ರಷ್ಟು. ಸೂಳೆಕೆರೆ ಏರಿ, ಜೋಗಿಮಟ್ಟಿ ಮೇಲಿಂದ ಕಾಣೋ ಚಿತ್ರದುರ್ಗ, ಕೋಟೆಯ ಬಂಡೆಗಳು. ಇದರಲ್ಲಿ ಕಲರ್ ನೆಗೆಟಿವ್ ಜಾಸ್ತಿ, ಸ್ವಲ್ಪ ಸ್ಲೈಡ್ (ನೆಗೆಟಿವ್ ಅಲ್ಲದೆ ನೇರ ಬಣ್ಣದಲ್ಲೇ ಕಾಣೋ ಫಿಲ್ಮ್). ಕೊನೇದಾಗಿ ಹೊರೈಜನ್ 202 ಅನ್ನೋ ಪನೋರಮಾ ಕ್ಯಾಮೆರಾದಲ್ಲಿ ತೆಗೆದ 35 ಎಂಎಂ ಪನೋರಮಾ, ಒಂದೊಂದು ಫ್ರೇಮ್ 24×58 ಮಿಮೀ, ಮೂರ್ನಾಲ್ಕು ರೋಲ್.

6×6ರಿಂದ 12 ಇಂಚಿನ ಆಲ್ಬಂ ಪ್ರಿಂಟ್ ಬಂದ್ರೆ ಸಾಕು. 6×17ರಲ್ಲಿ ಆಯ್ದ ಕೆಲವನ್ನ 4 ಅಡಿ ಅಗಲ ಮಾಡಿ ಗೋಡೆಗೆ ಹಾಕಬೇಕು. ಹೊರೈಜನ್‌ದು ಎರಡು ಅಡಿ ಆದ್ರೂ ಚಂದ.

ಎಪ್ಸನ್ ಫ್ಲಾಟ್‌ಬೆಡ್ (ಗಾಜಿನ ಮೇಲಿಟ್ಟು ಓದೋ) ಸ್ಕ್ಯಾನರ್ ವಿ600 ಸಾಕಾ, ವಿ850ಕ್ಕೆ ಹೋಗಬೇಕಾ? ಸೆಕೆಂಡ್ ಹ್ಯಾಂಡ್ ನಿಕಾನ್ ಕೂಲ್‌ಸ್ಕ್ಯಾನ್ 9000 ಒಂದು ಸಿಗೋ ಹಾಗಿದೆ, ಅದು ಹೇಗೆ? 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಕ್ಯಾಮೆರಾ ಮತ್ತು 1:1 ಮ್ಯಾಕ್ರೋ ಲೆನ್ಸ್ ಇದೆ. ಸ್ಟುಡಿಯೋದ ಹಳೇ ಎನ್‌ಲಾರ್ಜರ್ (ನೆಗೆಟಿವ್‌ನಿಂದ ಕಾಗದಕ್ಕೆ ದೊಡ್ಡದಾಗಿ ಪ್ರಿಂಟ್ ಹಾಕೋ ಯಂತ್ರ) ಕೂಡ ಇದೆ. ಕಂಪ್ಯೂಟರ್ 16 ಜಿಬಿ ರ‍್ಯಾಮಿನ ವಿಂಡೋಸ್ ಲ್ಯಾಪ್‌ಟಾಪ್.

ಏಳುಸುತ್ತು, ಚಿತ್ರದುರ್ಗ

ನಮಸ್ಕಾರ ಸರ್. ಮೊದಲು ಬಾಕ್ಸ್ ಮೇಲಿನ 6400 ಡಿಪಿಐ ಅನ್ನೋ ಅಂಕಿ ಪಕ್ಕಕ್ಕಿಡಿ. ಸೆನ್ಸರ್ ಒಂದು ಇಂಚಿಗೆ ಎಷ್ಟು ಸಲ ಓದುತ್ತೆ ಅನ್ನೋದಷ್ಟೇ ಅದು. ಲೆನ್ಸ್, ಗಾಜು, ಫೋಕಸ್ ಎಲ್ಲ ದಾಟಿ ಫೈಲಿಗೆ ಬರುವ ವಿವರ ತುಂಬ ಕಡಿಮೆ. ಯುಎಸ್‌ಎಎಫ್ 1951 ಅನ್ನೋ, ಸಣ್ಣಸಣ್ಣ ಗೆರೆಗಳ ಟೆಸ್ಟ್ ಚಾರ್ಟ್ ಇಟ್ಟರೆ ಗೊತ್ತಾಗುತ್ತೆ: ಫೋಕಸ್ ಸರಿಯಿದ್ದ ವಿ850ರಲ್ಲಿ ಐದನೇ ಗುಂಪಿನ ನಾಲ್ಕನೇ ಗೆರೆಗಳವರೆಗೆ ಬಿಡಿಬಿಡಿಯಾಗಿ ಕಾಣುತ್ತವೆ. ಅಂದರೆ ಮಿಲಿಮೀಟರಿಗೆ ಸುಮಾರು 45 ಜೋಡಿ ಗೆರೆ. ಅದನ್ನು 2ರಿಂದ, ಮತ್ತೆ 25.4ರಿಂದ ಗುಣಿಸಿದರೆ ಸುಮಾರು 2300 ಡಿಪಿಐ. ವಿ600 1500–1600ರ ಹತ್ತಿರ ನಿಲ್ಲುತ್ತೆ. ಕೂಲ್‌ಸ್ಕ್ಯಾನ್ 9000 ಒಂದೇ ತನ್ನ ಮೇಲೆ ಬರೆದ 4000ಕ್ಕೆ ಹತ್ತಿರ ಬರುತ್ತೆ.

ಈಗ ಈ ಅಂಕಿಗಳನ್ನ ನಿಮ್ಮ ಫ್ರೇಮಿಗೆ ಹಾಕಿ ನೋಡಿ. 6×17ರ ಚಿತ್ರ ನಿಜದಲ್ಲಿ 56×168 ಮಿಮೀ. 168 ಮಿಮೀ ಅಂದರೆ 6.6 ಇಂಚು. ವಿ850ರ 2300ರಲ್ಲಿ ಉದ್ದಕ್ಕೆ 15,200 ಪಿಕ್ಸೆಲ್ ಸಿಗುತ್ತೆ. 4 ಅಡಿ ಅಂದರೆ 48 ಇಂಚಿಗೆ ಹಂಚಿದರೆ ಇಂಚಿಗೆ 317. ಗೋಡೆ ಪ್ರಿಂಟಿಗೆ ಅದಕ್ಕಿಂತ ಏನೂ ಬೇಕಿಲ್ಲ. ವಿ600ರಲ್ಲೂ 10,300 ಪಿಕ್ಸೆಲ್, ಇಂಚಿಗೆ 215 ಬರುತ್ತೆ. ಮೂರಡಿ ದೂರ ನಿಂತು ನೋಡೋರಿಗೆ ಸಾಕು. ಮೂಗು ತಾಗಿಸಿ ನೋಡೋರಿಗೆ ಕೋಟೆ ಬಂಡೆಯ ಮೈ ಸ್ವಲ್ಪ ಮೆತ್ತಗಾದ ಹಾಗೆ ಕಾಣುತ್ತೆ. 6×6 ವಿ600ರಲ್ಲಿ 3,440 ಪಿಕ್ಸೆಲ್ ಆಗುತ್ತೆ. 12 ಇಂಚಿಗೆ ಭಾಗಿಸಿದರೆ 287, ಆಲ್ಬಂಗೆ ಧಾರಾಳ.

ಕಷ್ಟ ಇರೋದು ಹೊರೈಜನ್‌ದರಲ್ಲಿ. ಪನೋರಮಾ ಅಂತ ಹೆಸರಷ್ಟೇ, ಫಿಲ್ಮ್ ಎತ್ತರ 24 ಮಿಮೀ ಮಾತ್ರ. ವಿ850ರಲ್ಲಿ 5,250×2,170 ಪಿಕ್ಸೆಲ್. ಎರಡು ಅಡಿ ಅಗಲಕ್ಕೆ ಇಂಚಿಗೆ 219 ಆಗುತ್ತೆ, ಅದೂ ಫೋಕಸ್ ಸರಿಯಿದ್ದರೆ. ಹಾಗಾಗಿ ಇಲ್ಲಿ ಲೆಕ್ಕ ತಿರುಗುಮುರುಗಾಗುತ್ತೆ. ದೊಡ್ಡ ಪನೋರಮಾಕ್ಕೆ ಸಾಧಾರಣ ಸ್ಕ್ಯಾನರ್ ನಡೆಯುತ್ತೆ, ಆದರೆ ಉದ್ದ ಹಿಡಿಸಬೇಕು, ಫಿಲ್ಮ್ ಚಪ್ಪಟೆಯಾಗಿ ಕೂರಬೇಕು. ಚಿಕ್ಕ ಪನೋರಮಾಕ್ಕೆ ಉದ್ದದ ಚಿಂತೆಯಿಲ್ಲ, ನಿಜವಾದ ವಿವರ ಹಿಡಿಯೋ ಲೆನ್ಸ್ ಬೇಕು. ಒಂದೇ ಯಂತ್ರದಲ್ಲಿ ಮೂರನ್ನೂ ಮುಗಿಸೋ ಹಟ ಬಿಟ್ಟರೆ ದುಡ್ಡೂ ಉಳಿಯುತ್ತೆ, ಕೆಲಸವೂ ಚೆನ್ನಾಗಾಗುತ್ತೆ.

ಯಾವ ಯಂತ್ರಕ್ಕೆ ಎಷ್ಟುದ್ದ ಹಿಡಿಸುತ್ತೆ ಅಂದರೆ: ವಿ850ರ 120 ಹೋಲ್ಡರ್ (ಫಿಲ್ಮ್ ಹಿಡಿಯೋ ಚೌಕಟ್ಟು) 20 ಸೆಂಮೀವರೆಗೆ, ವಿ600ದು 22 ಸೆಂಮೀವರೆಗೆ. 6×17 ಎರಡರಲ್ಲೂ ಒಂದೇ ಸಲಕ್ಕೆ ಆಗುತ್ತೆ. ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 120 ವಿವರದಲ್ಲಿ ಎಪ್ಸನ್‌ಗಿಂತ ಮೇಲು, ಆದರೆ 6×12ಕ್ಕೆ ನಿಲ್ಲುತ್ತೆ. ಕೂಲ್‌ಸ್ಕ್ಯಾನ್ 9000 6×9ಕ್ಕೇ ನಿಲ್ಲುತ್ತೆ. 6×17 ಹಾಕಬೇಕಂದರೆ ಫಿಲ್ಮ್ ಸರಿಸಿ ಸರಿಸಿ ಕನಿಷ್ಠ ಮೂರು ಸಲ ಸ್ಕ್ಯಾನ್ ಮಾಡಿ ಜೋಡಿಸಬೇಕು. ಹ್ಯಾಸಲ್‌ಬ್ಲಾಡ್ ಫ್ಲೆಕ್ಸ್‌ಟೈಟ್ 6×17 ನುಂಗುತ್ತೆ, 120ಕ್ಕೆ 3200 ಡಿಪಿಐ ಕೊಡುತ್ತೆ. ಅದರ ಬೆಲೆಗೆ 40 ಫ್ರೇಮಿನ ಕೆಲಸ ತಾಳೆಯಾಗೋದಿಲ್ಲ.

ನನ್ನ ಆಯ್ಕೆ: 6×17ಕ್ಕೆ ಎಪ್ಸನ್, ಹೊರೈಜನ್‌ಗೆ ನಿಮ್ಮ ಕ್ಯಾಮೆರಾ. 6×6 ಎರಡರಲ್ಲಿ ಯಾವುದಾದರೂ ಸರಿ. ಎಪ್ಸನ್‌ನಲ್ಲಿ ವಿ850 ಕೈಗೆಟುಕುತ್ತೆ ಅಂದರೆ ಅದೇ ತಗೊಳ್ಳಿ. ಡಿಪಿಐಗಿಂತ ಹೆಚ್ಚಾಗಿ ಅದರ ಹೋಲ್ಡರ್‌ಗೋಸ್ಕರ. ಎತ್ತರ ಹೊಂದಿಸೋಕೆ ಬರುತ್ತೆ, ಜೊತೆಗೆ ನ್ಯೂಟನ್ ಉಂಗುರ (ಫಿಲ್ಮ್ ಗಾಜಿಗೆ ತಾಗಿದಾಗ ಚಿತ್ರದಲ್ಲಿ ಬರೋ ಬಳೆಯಂಥ ಗುರುತು) ತಡೆಯೋ ಅಕ್ರಿಲಿಕ್ ಹಾಳೆ ಇರುತ್ತೆ. ವಿ600 ಹೋಲ್ಡರ್‌ನಲ್ಲಿ ಇವೆರಡೂ ಇಲ್ಲ.

ಮಂಡಿಪೇಟೆ, ದಾವಣಗೆರೆ

ಏಳುಸುತ್ತು ಅವರ ಲೆಕ್ಕ ಸರಿ ಐತಿ. ನಾನು ಎಪ್ಸನ್ ಹಿಡ್ಕೊಂಡು ಕೆಲಸ ಮಾಡೋದು ಹೆಂಗೆ ಅಂತ ಬರಿತೀನಿ, ಯಾಕಂದ್ರ ತಗೊಂಡ ಮೇಲೆ ಕೆಡೋದು ಅಲ್ಲೇ.

ಫ್ಲಾಟ್‌ಬೆಡ್‌ಗೆ ಆಟೋಫೋಕಸ್ ಇರಲ್ಲ. ಗಾಜಿನಿಂದ ಸುಮಾರು 3 ಮಿಮೀ ಮೇಲೆ ಫೋಕಸ್ ಕೂತಿರತ್ತೆ ಅಂತಾರ, ಆದ್ರ ಒಂದೊಂದು ಯಂತ್ರದಲ್ಲಿ ಅದು ಹಿಂದೆಮುಂದೆ ಆಗಿರತ್ತೆ. ವಿ850 ಹೋಲ್ಡರ್ ಕಾಲುಗಳಿಗೆ ಐದು ಹಂತ ಅದಾವ. ಗ್ರೇನ್ (ಫಿಲ್ಮಿನ ಸಣ್ಣ ಕಣಗಳು) ಚೆನ್ನಾಗಿ ಕಾಣೋ ಒಂದು ಕಪ್ಪು-ಬಿಳುಪು ನೆಗೆಟಿವ್ ತಗೊಳ್ರಿ, ನಡುವಿನ ಎರಡು ಸೆಂಮೀ ಚೌಕ ಮಾತ್ರ ಆರಿಸಿ ಐದೂ ಹಂತದಲ್ಲಿ ಸ್ಕ್ಯಾನ್ ಮಾಡ್ರಿ. ಶಾರ್ಪನಿಂಗ್ ಪೂರ್ತಿ ಆಫ್ ಇರಬೇಕು. ಐದನ್ನೂ ಪಕ್ಕಪಕ್ಕ ಇಟ್ಟು ಶೇಕಡ 100 ಜೂಮ್‌ನಲ್ಲಿ ನೋಡಿದ್ರ ಯಾವುದರಲ್ಲಿ ಗ್ರೇನ್ ಕಡ್ಡಿಮುರಿದಂಗ ಕಾಣತ್ತೆ ಅಂತ ತಾನೇ ಗೊತ್ತಾಗತ್ತೆ. ನಾಲ್ಕೂ ಕಾಲು ಒಂದೇ ಹಂತದಲ್ಲಿ ಐತೇನು ಅಂತ ನೋಡ್ಕೊಳ್ರಿ. ಒಂದು ಕಾಲು ಬೇರೆ ಹಂತದಲ್ಲಿದ್ರ 6×17ರ ಒಂದು ತುದಿ ಶಾರ್ಪ್, ಇನ್ನೊಂದು ತುದಿ ಮಸಕು. ವಿ600 ಆದ್ರ ಹೋಲ್ಡರ್ ಅಂಚಿನ ಕೆಳಗೆ ವಿಸಿಟಿಂಗ್ ಕಾರ್ಡ್ ತುಂಡು ಒಂದೊಂದೇ ಇಟ್ಟು ಇದೇ ಪರೀಕ್ಷೆ ಮಾಡ್ರಿ.

ಎಪ್ಸನ್ ಸ್ಕ್ಯಾನ್ ತಂತ್ರಾಂಶದಲ್ಲಿ ವಿ850ಕ್ಕೆ ಎರಡು ಆಯ್ಕೆ ಬರ್ತಾವ: ಫಿಲ್ಮ್ ಹೋಲ್ಡರ್, ಫಿಲ್ಮ್ ಏರಿಯಾ ಗೈಡ್. ಒಳಗ ಎರಡು ಲೆನ್ಸ್ ಅದಾವ, ಈ ಆಯ್ಕೆ ಮಾಡಿದಂಗ ಲೆನ್ಸ್ ಬದಲಾಗತ್ತೆ. ಹೋಲ್ಡರ್ ಇಟ್ಟು ಏರಿಯಾ ಗೈಡ್ ಆರಿಸಿದ್ರ ಫೋಕಸ್ ಗಾಜಿನ ಮೇಲೆ ಹೋಗಿ ಕೂರತ್ತೆ, ಚಿತ್ರ ಎಲ್ಲ ಮಂಕು. ಪ್ರಿವ್ಯೂ ಮಾಡುವಾಗ ಥಂಬ್‌ನೇಲ್ ಟಿಕ್ ತೆಗೀರಿ. ಅದು ಇದ್ರ ತಂತ್ರಾಂಶ ತಾನೇ ಫ್ರೇಮ್ ಹುಡುಕಿ ಮಾಮೂಲಿ ಅಳತೆಗೆ ಕತ್ತರಿಸತ್ತೆ. 6×17 ಆಗ್ಲಿ, 24×58 ಆಗ್ಲಿ ಅದಕ್ಕ ಗೊತ್ತೇ ಇಲ್ಲ. ಚೌಕಟ್ಟು ನೀವೇ ಎಳೀರಿ, ಫ್ರೇಮಿನ ಅಂಚಿನ ಕಪ್ಪು ಸೇರಿಸಬ್ಯಾಡ್ರಿ, ಸೇರಿದ್ರ ಆಟೋ ಎಕ್ಸ್‌ಪೋಶರ್ ಕೆಡತ್ತೆ.

ರೆಸೊಲ್ಯೂಶನ್ 3200 ಇಡ್ರಿ. 6×17 ಕಲರ್, 48 ಬಿಟ್‌ನಲ್ಲಿ ಒಂದು ಫೈಲ್ ಸುಮಾರು 900 ಎಂಬಿ ಆಗತ್ತೆ. 6400 ಇಟ್ರ ಅದರ ನಾಲ್ಕು ಪಟ್ಟು, 3.6 ಜಿಬಿ. ವಿವರ ಒಂದು ಚೂರೂ ಜಾಸ್ತಿ ಬರಲ್ಲ, ಟಿಫ್ ಫೈಲಿನ 4 ಜಿಬಿ ಮಿತಿ ಹತ್ರ ಹೋಗಿ ನಿಮ್ಮ ಲ್ಯಾಪ್‌ಟಾಪ್ ಏದುಸಿರು ಬಿಡತ್ತೆ. ಕಪ್ಪು-ಬಿಳುಪು 16 ಬಿಟ್ ಗ್ರೇ ಸಾಕು, ಫೈಲು ಮೂರನೇ ಒಂದು ಭಾಗ.

ಧೂಳಿನ ವಿಷಯ. ಸ್ಕ್ಯಾನರಿನ ಡಿಜಿಟಲ್ ಐಸ್ ಅನ್ನೋ ಧೂಳು ತೆಗೆಯೋ ಸೌಲಭ್ಯ ಇನ್ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸೋದು. ಕಲರ್ ಫಿಲ್ಮಿನ ಬಣ್ಣ ಇನ್ಫ್ರಾರೆಡ್‌ಗೆ ಪಾರದರ್ಶಕ, ಅದಕ್ಕ ಧೂಳು ಮಾತ್ರ ಕಾಣತ್ತೆ. ಕಪ್ಪು-ಬಿಳುಪಿನಲ್ಲಿ ಇರೋದು ಬೆಳ್ಳಿ, ಅದು ಇನ್ಫ್ರಾರೆಡ್ ತಡೀತೈತಿ. ಐಸ್ ಆನ್ ಮಾಡಿದ್ರ ಚಿತ್ರಾನೇ ಧೂಳು ಅಂತ ತಿಳಿದು ಮುಖದ ಅಂಚು, ಸೀರೆ ಜರಿ ಎಲ್ಲ ತಿಂದು ಹಾಕತ್ತೆ. ಇಲ್‌ಫರ್ಡ್ ಎಕ್ಸ್‌ಪಿ2 ಥರದ್ದಕ್ಕ ಮಾತ್ರ ನಡೀತದ, ಅದು ಕಲರ್ ಕೆಮಿಕಲ್ಲಿನಲ್ಲಿ ತೊಳೆಯೋ ಕಪ್ಪು-ಬಿಳುಪು. ಮಿಕ್ಕಿದ್ದಕ್ಕೆಲ್ಲ ಸ್ಕ್ಯಾನ್‌ಗೂ ಮುಂಚೆ ಸ್ವಚ್ಛ ಮಾಡೋದೊಂದೇ ದಾರಿ. ಅಕ್ಕಿ ಗಿರಣಿ ಹೊಟ್ಟು, ಎರೆಮಣ್ಣಿನ ಧೂಳು ಎರಡೂ ಇರೋ ಊರು ನಮ್ಮದು. ಬೇಸಿಗೆ ಒಣ ಗಾಳಿಗೆ ಫಿಲ್ಮ್ ಸ್ಲೀವ್‌ನಿಂದ ಎಳೆದ ಕೂಡ್ಲೇ ಸ್ಟ್ಯಾಟಿಕ್ ಬಂದು ಧೂಳು ಅಂಟ್ಕೋತದ. ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ತಾಸು ಬಿಟ್ಟು, ಫ್ಯಾನ್ ಆಫ್ ಮಾಡಿ ಕೂತ್ಕೊಳ್ರಿ. ರಬ್ಬರ್ ಬ್ಲೋವರ್, ಆಂಟಿಸ್ಟ್ಯಾಟಿಕ್ ಬ್ರಷ್ ಸಾಕು. ಬಾಯಲ್ಲಿ ಊದಬ್ಯಾಡ್ರಿ, ಎಂಜಲ ಹನಿ ಎಮಲ್ಷನ್ (ಚಿತ್ರ ಇರೋ ಪದರ) ಮೇಲೆ ಕಲೆ ಮಾಡತ್ತೆ.

ಇನ್ನೊಂದು, ಇದನ್ನ ಬಹಳ ಜನ ಗಮನಿಸಲ್ಲ. ಹೋಲ್ಡರ್ ಮೇಲ್ತುದಿಯಲ್ಲಿ ಖಾಲಿ ಕಿಂಡಿ ಇರತ್ತೆ. ಯಂತ್ರ ತನ್ನ ಬೆಳಕು ಅಳೆಯೋದು ಅಲ್ಲಿಂದ. ಅಲ್ಲಿ ಒಂದು ಧೂಳಿನ ಕಣ, ಒಂದು ಕೂದಲು ಬಿದ್ರೂ ಸ್ಕ್ಯಾನಿನ ಉದ್ದಕ್ಕೂ ಒಂದು ನೇರ ಗೆರೆ. ಸೂಳೆಕೆರೆಯ ಖಾಲಿ ಆಕಾಶದಲ್ಲಿ ಅದು ಎದ್ದು ಕಾಣತ್ತೆ. ಗೆರೆ ಕಂಡ ತಕ್ಷಣ ಫಿಲ್ಮ್ ಮೇಲೆ ಗೀರು ಅಂತ ತಿಳೀಬ್ಯಾಡ್ರಿ, ಮೊದಲು ಆ ಕಿಂಡಿಯ ಗಾಜು ಒರೆಸಿ ಮತ್ತೆ ಸ್ಕ್ಯಾನ್ ಮಾಡ್ರಿ.

ನ್ಯೂಟನ್ ಉಂಗುರ ಬರೋದು ಫಿಲ್ಮಿನ ಹೊಳೆಯೋ ಬೆನ್ನು ನುಣುಪು ಗಾಜಿಗೆ ತಾಗಿದಾಗ. ಅಕ್ರಿಲಿಕ್ ಹಾಳೆಯ ತರಿತರಿ ಮುಖ ಹೊಳೆಯೋ ಕಡೆಗೆ ಇರಬೇಕು. ಫಿಲ್ಮ್ ತುಂಬ ಸುರುಳಿ ಆಗಿದ್ರ ಸ್ಲೀವ್‌ನಲ್ಲಿ ಹಾಕಿ ದಪ್ಪ ಪುಸ್ತಕದ ಕೆಳಗೆ ಒಂದು ವಾರ ಇಡ್ರಿ. ಬಿಸಿ ತಾಗಿಸಿ ನೇರ ಮಾಡೋಕೆ ಮಾತ್ರ ಹೋಗಬ್ಯಾಡ್ರಿ.

ಲೈಟ್‌ಬಾಕ್ಸ್, ಚಿತ್ರದುರ್ಗ

ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್ ಕೈಯಲ್ಲೇ ಇರುವಾಗ 600 ಫ್ರೇಮ್ 6×6ನ್ನು ಫ್ಲಾಟ್‌ಬೆಡ್‌ನಲ್ಲಿ ಹಾಕೋದು ಸಮಯ ಹಾಳು. ನಿಮ್ಮ ಸೆನ್ಸರಿನ ಚಿಕ್ಕ ಬದಿ 4000 ಪಿಕ್ಸೆಲ್. ಅದನ್ನು 58 ಮಿಮೀ ಹಿಡಿಯೋ ಹಾಗೆ ಹೊಂದಿಸಿದರೆ 1750 ಡಿಪಿಐ, ಚಿತ್ರಕ್ಕೆ 3,860 ಪಿಕ್ಸೆಲ್. 12 ಇಂಚಿಗೆ ಭಾಗಿಸಿದರೆ 320. ಒಂದು ಫ್ರೇಮಿಗೆ ಒಂದೇ ಕ್ಲಿಕ್. ವೇಗದಲ್ಲಿ ಯಾವ ಸ್ಕ್ಯಾನರೂ ಇದರ ಹತ್ತಿರ ಬರೋಲ್ಲ.

ಎನ್‌ಲಾರ್ಜರ್ ಇದೆ ಅಂದಿರಿ, ಅದೇ ನಿಮ್ಮ ಕಾಪಿ ಸ್ಟ್ಯಾಂಡ್. ತಲೆ ಬಿಚ್ಚಿ ಆ ಕಂಬಕ್ಕೆ ಕ್ಯಾಮೆರಾ ಹಿಡಿಸೋಕೆ ಲೇತ್ ಅಂಗಡಿಯಲ್ಲಿ ಒಂದು ಪಟ್ಟಿ, ಟ್ರೈಪಾಡ್ ಅಳತೆಯ ಕಾಲು ಇಂಚಿನ ಬೋಲ್ಟ್ ಹಾಕಿಸಿಕೊಳ್ಳಿ. ಕಂಬ ಗಟ್ಟಿ ಇರುತ್ತೆ, ಎತ್ತರ ತಿರುಗಿಸೋ ಹಲ್ಲುಚಕ್ರವೂ ಇರುತ್ತೆ. ತಲೆಯಲ್ಲಿರೋ ಲೆನ್ಸ್ ಎಸೆಯಬೇಡಿ. 80 ಎಂಎಂ ಎಲ್-ನಿಕ್ಕಾರ್ ಥರದ್ದಾದರೆ ಬೆಲ್ಲೋಸ್ (ಕ್ಯಾಮೆರಾ, ಲೆನ್ಸ್ ನಡುವೆ ಹಿಗ್ಗಿ ಕುಗ್ಗೋ ತಿದಿ) ಮೇಲೆ ಕೂರಿಸಿದಾಗ ಅಂಚಿನವರೆಗೂ ಶಾರ್ಪ್ ಕೊಡುತ್ತೆ.

ಕ್ಯಾಮೆರಾ ಮತ್ತು ಫಿಲ್ಮ್ ಸಮಾನಾಂತರ ಇದೆಯಾ ಅಂತ ಸ್ಪಿರಿಟ್ ಲೆವೆಲ್ ಇಟ್ಟು ನೋಡೋದಕ್ಕಿಂತ ಕನ್ನಡಿ ವಿಧಾನ ಚೆನ್ನಾಗಿದೆ. ಫಿಲ್ಮ್ ಇಡೋ ಜಾಗದಲ್ಲಿ ಚಪ್ಪಟೆ ಕನ್ನಡಿ ಚೂರು ಇಡಿ. ಲೈವ್ ವ್ಯೂನಲ್ಲಿ ಲೆನ್ಸಿನ ಪ್ರತಿಬಿಂಬ ಕಾಣುತ್ತೆ. ಆ ವೃತ್ತ ಪರದೆಯ ನಟ್ಟನಡುವೆ ಬರೋವರೆಗೆ ಕ್ಯಾಮೆರಾ ವಾಲಿಸಿ, ಬಿಗಿ ಮಾಡಿ. ಇದನ್ನು ಬಿಟ್ಟರೆ ಫ್ರೇಮಿನ ಒಂದು ಮೂಲೆ ಯಾವಾಗಲೂ ಮೆತ್ತಗೆ ಬರುತ್ತೆ, ಲೆನ್ಸ್ ಸರಿಯಿಲ್ಲ ಅಂತ ಅನುಮಾನ ಶುರುವಾಗುತ್ತೆ.

ಬೆಳಕಿಗೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಂಕಿ) 95ಕ್ಕಿಂತ ಹೆಚ್ಚಿರುವ ಎಲ್‌ಇಡಿ ಪ್ಯಾನಲ್ ತಗೊಳ್ಳಿ. ಅದರ ಮೇಲೆ ಹಾಲುಬಿಳಿ ಅಕ್ರಿಲಿಕ್, ಫಿಲ್ಮ್ ಅದಕ್ಕಿಂತ ಎರಡು-ಮೂರು ಸೆಂಮೀ ಮೇಲೆ. ತೀರ ಹತ್ತಿರ ಇಟ್ಟರೆ ಅಕ್ರಿಲಿಕ್ ಮೇಲಿನ ಧೂಳೂ ಎಲ್‌ಇಡಿ ಚುಕ್ಕಿಗಳೂ ಚಿತ್ರದೊಳಗೆ ಬರುತ್ತವೆ. ಫ್ರೇಮಿನ ಸುತ್ತ ಉಳಿದ ಬೆಳಕನ್ನು ಕಪ್ಪು ಕಾರ್ಡ್‌ಬೋರ್ಡ್‌ನಿಂದ ಮುಚ್ಚಿ, ರೂಮಿನ ಲೈಟ್ ಆರಿಸಿ. ಇಲ್ಲದಿದ್ದರೆ ಅಡ್ಡಾದಿಡ್ಡಿ ಬೆಳಕು ಲೆನ್ಸಿಗೆ ಬಡಿದು ಕಾಂಟ್ರಾಸ್ಟ್ ಬೀಳುತ್ತೆ. ಐಎಸ್‌ಒ 100, ಎಫ್/8, ರಾ ಫೈಲ್, ಎಕ್ಸ್‌ಪೋಶರ್ ಮ್ಯಾನುಯಲ್, 2 ಸೆಕೆಂಡಿನ ಟೈಮರ್. ಎಫ್/16ಕ್ಕೆ ಇಳಿಸಬೇಡಿ. ಇಷ್ಟು ಹತ್ತಿರದ ಕೆಲಸದಲ್ಲಿ ಎಫ್/8 ಇಟ್ಟರೂ ಅದು ಎಫ್/12ರಂತೆ ವರ್ತಿಸುತ್ತೆ, ಅದಕ್ಕಿಂತ ಮುಚ್ಚಿದರೆ ಡಿಫ್ರ್ಯಾಕ್ಷನ್ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡೋದು) ವಿವರ ತಿನ್ನುತ್ತೆ. ಸೈಲೆಂಟ್ ಶಟರ್ ಆಫ್ ಮಾಡಿ. ಎಲ್‌ಇಡಿ ಮಿಣುಕಿದರೆ ಅಡ್ಡಪಟ್ಟೆ ಬರುತ್ತೆ.

ಹೊರೈಜನ್ ಫ್ರೇಮಿಗೆ 1:1ಕ್ಕಿಂತ ಚೂರು ಕಡಿಮೆ ಇಟ್ಟು ಎರಡು ಶಾಟ್ ತೆಗೆದರೆ ಸಾಕು. ಸೆನ್ಸರಿನ 24 ಮಿಮೀ ಬದಿ ಫಿಲ್ಮಿನ ಎತ್ತರಕ್ಕೆ, 36ರ ಬದಿ ಉದ್ದಕ್ಕೆ. ನಡುವೆ 14 ಮಿಮೀಗೂ ಹೆಚ್ಚು ಓವರ್‌ಲ್ಯಾಪ್ ಸಿಗುತ್ತೆ. ಸುಮಾರು 4000 ಡಿಪಿಐ, ಉದ್ದಕ್ಕೆ 9,100 ಪಿಕ್ಸೆಲ್. ಎರಡು ಅಡಿಗೆ ಇಂಚಿಗೆ 380. ಇದೇ ಕೆಲಸಕ್ಕೆ 35 ಎಂಎಂ ಸ್ಕ್ಯಾನರ್ ತಗೊಳ್ಳೋಣ ಅಂತ ಯಾರಾದರೂ ಹೇಳಿದರೆ ಅದರ ಹೋಲ್ಡರ್ ನೋಡಿ. 36 ಮಿಮೀಗೊಂದು ಅಡ್ಡಪಟ್ಟಿ ಇದ್ದರೆ 58 ಮಿಮೀ ಫ್ರೇಮಿನ ಮಧ್ಯಕ್ಕೇ ಅದು ಬರುತ್ತೆ.

6×17 ಕೂಡ ಕ್ಯಾಮೆರಾದಲ್ಲಿ ಆಗುತ್ತೆ. ಸೆನ್ಸರಿನ ಉದ್ದ ಬದಿಯನ್ನು ಫಿಲ್ಮಿನ ಅಗಲಕ್ಕೆ ತಿರುಗಿಸಿ 60 ಮಿಮೀ ಹಿಡಿಸಿದರೆ 2540 ಡಿಪಿಐ. ಒಂದು ಶಾಟ್ 40 ಮಿಮೀ ಉದ್ದ ಹಿಡಿಯುತ್ತೆ. ಶೇಕಡ 30 ಓವರ್‌ಲ್ಯಾಪ್ ಬಿಟ್ಟರೆ ಒಂದು ಫ್ರೇಮಿಗೆ ಆರು ಶಾಟ್ ಬೇಕು. ಕ್ಯಾಮೆರಾ ಅಲುಗಿಸಬೇಡಿ, ಫಿಲ್ಮನ್ನೇ ನೇರ ಪಟ್ಟಿಗೆ ಒತ್ತಿ 28 ಮಿಮೀ ಸರಿಸಿ. ಫೋಕಸ್, ವೈಟ್ ಬ್ಯಾಲೆನ್ಸ್ ಆರಕ್ಕೂ ಒಂದೇ. ಜೋಡಿಸೋಕೆ ಹುಗಿನ್ ಅನ್ನೋ ತಂತ್ರಾಂಶ ಉಚಿತ. ಫೋಟೋಶಾಪ್ ಇದ್ದರೆ ಫೋಟೋಮರ್ಜ್‌ನಲ್ಲಿ ರೀಪೊಸಿಶನ್ ಆರಿಸಿ. ಬೇರೆ ಆಯ್ಕೆಗಳು ಚಪ್ಪಟೆ ಫಿಲ್ಮನ್ನು ನಿಜವಾದ ದೃಶ್ಯ ಅಂತ ಭಾವಿಸಿ ಬಾಗಿಸುತ್ತವೆ.

ಕೈಕೊಡೋದು ಆಕಾಶ. ಲೆನ್ಸಿನ ಅಂಚಿನ ಕಪ್ಪು ಪ್ರತಿ ಶಾಟಿನಲ್ಲೂ ಇರುತ್ತೆ, ಆರು ಸೇರಿದಾಗ ಆಕಾಶ ಪಟ್ಟೆಪಟ್ಟೆ. ನೆಗೆಟಿವನ್ನು ಪಾಸಿಟಿವ್ ಚಿತ್ರವಾಗಿ ತಿರುವಿದ ಮೇಲೆ ಕಾಂಟ್ರಾಸ್ಟ್ ಹೆಚ್ಚಿ ಅದು ಇನ್ನೂ ಜಾಸ್ತಿ ಕಾಣುತ್ತೆ. ಫಿಲ್ಮ್ ಇಲ್ಲದೆ ಬರೀ ಬೆಳಕಿನ ಒಂದು ಶಾಟ್ ತೆಗೆದಿಟ್ಟು ಫ್ಲಾಟ್ ಫೀಲ್ಡ್ ತಿದ್ದುಪಡಿ ಎಲ್ಲದಕ್ಕೂ ಹಾಕಿ, ಆಮೇಲೆ ಜೋಡಿಸಿ, ಕೊನೆಗೆ ತಿರುವಿ. ಈ ಕ್ರಮ ಬದಲಾಯಿಸಬೇಡಿ. ತಿರುವೋಕೆ ಡಾರ್ಕ್‌ಟೇಬಲ್‌ನ ನೆಗಾಡಾಕ್ಟರ್ ಉಚಿತ, ಕಿತ್ತಳೆ ಬಣ್ಣದ ತಳವನ್ನು ಫ್ರೇಮ್‌ಗಳ ನಡುವಿನ ಖಾಲಿ ಜಾಗದಿಂದ ಆರಿಸಿಕೊಳ್ಳಬಹುದು. ಲೈಟ್‌ರೂಮ್ ಇದ್ದರೆ ನೆಗೆಟಿವ್ ಲ್ಯಾಬ್ ಪ್ರೋ.

40 ಫ್ರೇಮಿಗೆ 240 ಶಾಟ್ ಮತ್ತು 40 ಜೋಡಣೆ ಆಯಿತು. ಎಪ್ಸನ್ ಎರವಲು ಸಿಕ್ಕರೂ ಸರಿ, 6×17 ಅದರಲ್ಲೇ ಮುಗಿಸಿ ಅನ್ನೋದೇ ನನ್ನ ಮಾತು.

ಬೆಣ್ಣೆನಗರಿ, ದಾವಣಗೆರೆ

ಎಲ್ರಿಗೂ ತುಂಬಾ ಧನ್ಯವಾದ, ಚಿತ್ರ ಸ್ಪಷ್ಟ ಆಯ್ತು. ಮೂರು ವಿಷಯ ಉಳೀತು. ನಾಲ್ಕು ಫ್ರೇಮಿನ 6×6 ತುಂಡುಗಳನ್ನ ಹೋಲ್ಡರ್‌ಗೋಸ್ಕರ ಕತ್ತರಿಸಬಹುದಾ? 6×17 ಸ್ಲೈಡ್‌ಗಳಲ್ಲಿ ಬಂಡೆಯ ನೆರಳು ತುಂಬ ಕಪ್ಪು, ಎಪ್ಸನ್ ಅದನ್ನ ಎತ್ತುತ್ತಾ? ಮತ್ತೆ ಒಂದು ಡಬ್ಬಿ ತೆರೆದ್ರೆ ವಿನೆಗರ್ ವಾಸನೆ, ಕೆಲವು ನೆಗೆಟಿವ್ ಮೇಲೆ ಜೇಡರ ಬಲೆ ಥರ ಬೂಷ್ಟು.

ಏಳುಸುತ್ತು, ಚಿತ್ರದುರ್ಗ

ಕತ್ತರಿಸಬೇಡಿ ಸರ್. ನಾಲ್ಕು ಫ್ರೇಮ್ ಅಂದರೆ 22 ಸೆಂಮೀಗೂ ಜಾಸ್ತಿ, ವಿ850 ಹೋಲ್ಡರ್‌ನಲ್ಲಿ ಕೂರಲ್ಲ. ಆದರೆ ಒಂಟಿ ಫ್ರೇಮ್ ಮಾಡಿಟ್ಟರೆ ಅದನ್ನು ಯಾವ ಹೋಲ್ಡರೂ ಚಪ್ಪಟೆಯಾಗಿ ಹಿಡಿಯಲ್ಲ, ಸುತ್ತಿಕೊಳ್ಳುತ್ತೆ. ಕ್ಯಾಮೆರಾ ಕೆಳಗೆ ಎಷ್ಟುದ್ದದ ತುಂಡಾದರೂ ಸರಿಸಬಹುದು, ಅವನ್ನು ಅಲ್ಲಿಗೆ ಬಿಡಿ.

ವಿನೆಗರ್ ವಾಸನೆ ಅಂದರೆ ಫಿಲ್ಮಿನ ಅಸಿಟೇಟ್ (ಪ್ಲಾಸ್ಟಿಕ್) ತಳ ಕೊಳೆಯೋಕೆ ಶುರುವಾಗಿದೆ. ಅದರಿಂದ ಹೊರಡೋ ಆಮ್ಲವೇ ಕೊಳೆಯೋದನ್ನ ಇನ್ನಷ್ಟು ಜೋರು ಮಾಡುತ್ತೆ, ಪಕ್ಕದ ನೆಗೆಟಿವ್‌ಗಳಿಗೂ ದಾಟುತ್ತೆ. ಆ ಡಬ್ಬಿ ಇವತ್ತೇ ಬೇರೆ ಕೋಣೆಗೆ ಒಯ್ಯಿರಿ. ಗಾಳಿಯಾಡದ ಸ್ಟೀಲ್ ಡಬ್ಬಿಯಿಂದ, ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು ಕಾಗದದ ಲಕೋಟೆಗೆ ಹಾಕಿ ತಂಪಾದ ಜಾಗದಲ್ಲಿಡಿ. ಸ್ಕ್ಯಾನ್ ಸಾಲಿನಲ್ಲಿ ಅವೇ ಮೊದಲು ಬರಬೇಕು. ತಳ ಕುಗ್ಗಿ ಎಮಲ್ಷನ್ ಸುಕ್ಕು ಬಿದ್ದ ಮೇಲೆ ಗಾಜಿನ ನಡುವೆ ಒತ್ತಿದರೂ ನೇರ ಆಗೋದಿಲ್ಲ.

ಬೂಷ್ಟಿಗೆ ನೀರು ಮುಟ್ಟಿಸಬೇಡಿ. ಶಿಲೀಂಧ್ರ ತಿಂದ ಜೆಲಟಿನ್ ನೀರಿನಲ್ಲಿ ಕರಗುತ್ತೆ, ಒರೆಸಿದ ಬಟ್ಟೆಗೆ ಚಿತ್ರವೇ ಬರುತ್ತೆ. 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ಹಾಕಿ, ಹೊಳೆಯೋ ಬೆನ್ನಿನ ಕಡೆ ಮಾತ್ರ, ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಿರಿ. ಮೊದಲು ಚಿತ್ರವಿಲ್ಲದ ತುದಿಯಲ್ಲಿ ಹಚ್ಚಿ ನೋಡಿ. ಮಂಕು ಮುಖದ ಕಡೆ ಬ್ಲೋವರ್ ಸಾಕು, ಉಳಿದ ಕಲೆ ಕಂಪ್ಯೂಟರಿನಲ್ಲಿ ತಿದ್ದಿ.

ಸ್ಲೈಡಿನ ಗಾಢ ನೆರಳು ಎಪ್ಸನ್‌ಗೆ ಕಷ್ಟ. ಬಾಕ್ಸ್ ಮೇಲೆ ಡಿಮ್ಯಾಕ್ಸ್ (ಎಷ್ಟು ಗಾಢ ಕಪ್ಪಿನವರೆಗೆ ಓದುತ್ತೆ ಅನ್ನೋ ಅಂಕಿ) 4.0 ಅಂತಿದೆ, ಆದರೆ ಅಷ್ಟು ಕಪ್ಪಿಗೆ ಹೋಗೋದರೊಳಗೆ ನಾಯ್ಸ್ ಗೆಲ್ಲುತ್ತೆ. ಸಿಲ್ವರ್‌ಫಾಸ್ಟ್ ಸ್ಕ್ಯಾನ್ ತಂತ್ರಾಂಶದ ಮಲ್ಟಿ ಎಕ್ಸ್‌ಪೋಶರ್ ಸ್ವಲ್ಪ ಸಹಾಯ ಮಾಡುತ್ತೆ. ಕ್ಯಾಮೆರಾದಲ್ಲಾದರೆ ಪ್ರತಿ ಜಾಗಕ್ಕೂ ಎರಡು ಎಕ್ಸ್‌ಪೋಶರ್ ತೆಗೆದು ಸೇರಿಸಬಹುದು. ಕಲರ್ ನೆಗೆಟಿವ್‌ಗೆ ಈ ಚಿಂತೆ ಇಲ್ಲ, ಅದರ ಸಾಂದ್ರತೆ ಅಷ್ಟಕ್ಕೆ ಹೋಗೋದೇ ಇಲ್ಲ. ಗೋಡೆಗೆ ಹಾಕಲೇಬೇಕಾದ ಒಂದೆರಡು ಸ್ಲೈಡ್ ಇದ್ದರೆ ಡ್ರಮ್ ಸ್ಕ್ಯಾನ್ (ಫಿಲ್ಮನ್ನು ಉರುಳೆಗೆ ಸುತ್ತಿ ಓದೋದು) ಮಾಡಿಕೊಡೋರನ್ನ ಹುಡುಕಿ ಕಳಿಸಿ. 6×17 ಮಾಡ್ತಾರಾ ಅಂತ ಫಿಲ್ಮ್ ಕಳಿಸೋಕೆ ಮೊದಲೇ ಕೇಳಿ. 120 ತಗೊಳ್ಳೋ ಎಲ್ಲ ಲ್ಯಾಬ್‌ಗಳ ಯಂತ್ರಕ್ಕೂ ಆ ಉದ್ದ ಹಿಡಿಸೋದಿಲ್ಲ.

ಫೈಲ್ ಹೆಸರಿನ ಬಗ್ಗೆ ಒಂದು ಮಾತು. ಲಕೋಟೆ ಮೇಲೆ ‘ಚಿತ್ರದುರ್ಗ ಜಿಲ್ಲೆ’ ಅಂತ ಬರೆದಿದ್ದರೆ ಅದು ದಾವಣಗೆರೆಯ ಚಿತ್ರವೂ ಇರಬಹುದು. 1997ರವರೆಗೆ ದಾವಣಗೆರೆ ಇದ್ದದ್ದೇ ಚಿತ್ರದುರ್ಗ ಜಿಲ್ಲೆಯಲ್ಲಿ. ಲಕೋಟೆಯ ಬರಹವನ್ನೂ ಫೋಟೊ ತೆಗೆದು ಅದೇ ಫೋಲ್ಡರಿಗೆ ಹಾಕಿ.

ಮಂಡಿಪೇಟೆ, ದಾವಣಗೆರೆ

ಕೂಲ್‌ಸ್ಕ್ಯಾನ್ ಬಗ್ಗೆ ಕೇಳಿದ್ರಿ, ಅದು ಬಾಕಿ ಉಳೀತು. ಯಂತ್ರ ಒಳ್ಳೇದೇ, ಆದ್ರ ನಿಕಾನ್ ಮಾಡೋದು ನಿಲ್ಲಿಸಿ ಬಹಳ ವರ್ಷ ಆತು. ಅದು ಫೈರ್‌ವೈರ್ ಅನ್ನೋ ಹಳೇ ಥರದ ಕೇಬಲ್ಲಿಂದ ಓಡೋದು, ನಿಮ್ಮ ಲ್ಯಾಪ್‌ಟಾಪಿಗೆ ಆ ಕಿಂಡಿ ಇರಲ್ಲ. ಹಳೇ ಡೆಸ್ಕ್‌ಟಾಪಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರೋ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿ ವ್ಯೂಸ್ಕ್ಯಾನ್ ತಂತ್ರಾಂಶದಲ್ಲಿ ಓಡಿಸಬೇಕಾಗತ್ತೆ. ಗಾಜಿನ ಹೋಲ್ಡರ್ ಎಫ್‌ಎಚ್-869ಜಿ ಜೊತೆಗೆ ಕೊಡ್ತಾರೇನು ಕೇಳ್ರಿ. ಗಾಜಿಲ್ಲದ ಹೋಲ್ಡರ್‌ನಲ್ಲಿ 120 ಫಿಲ್ಮ್ ನಡುವೆ ಬಾಗಿ ಅಂಚು ಫೋಕಸ್ ಬಿಡತ್ತೆ. ತಗೊಳ್ಳೋಕೆ ಮುಂಚೆ ಬಿಳಿ ಹಿನ್ನೆಲೆ ಮುಂದೆ ಕಪ್ಪು ಗೆರೆ ಇರೋ ಸ್ಲೈಡ್ ಒಂದನ್ನ ಸ್ಕ್ಯಾನ್ ಮಾಡಿಸಿ ನೋಡ್ರಿ. ಗೆರೆ ಒಳಗ ಬಿಳಿ ಬೆಳಕು ಸೋರಿ ಹೊಗೆ ಥರ ಹರಡಿದ್ರ ಒಳಗಿನ ಕನ್ನಡಿ ಧೂಳು ತಿಂದಿದೆ ಅಂತ ಅರ್ಥ. ಒಂದೇ ಬಣ್ಣದ ಜಾಗದಲ್ಲಿ ಸಣ್ಣ ಪಟ್ಟೆ ಬಂದ್ರ ಸೂಪರ್ ಫೈನ್ ಸ್ಕ್ಯಾನ್ ಆನ್ ಮಾಡಿಸ್ರಿ. ಮೂರು ಸೆನ್ಸರ್ ಸಾಲಿನ ಬದಲು ಒಂದೇ ಸಾಲಿನಿಂದ ಓದತ್ತೆ, ಪಟ್ಟೆ ಹೋಗತ್ತೆ, ಸಮಯ ಮೂರು ಪಟ್ಟು ಆಗತ್ತೆ.

ಎಪ್ಸನ್ ಕೂಡ ಸೆಕೆಂಡ್ ಹ್ಯಾಂಡ್ ತಗೊಂಡ್ರ ಗಾಜಿನ ಕೆಳಮುಖ ಟಾರ್ಚ್ ಓರೆಯಾಗಿ ಹಿಡಿದು ನೋಡ್ರಿ. ವಿ700, ವಿ750ರಲ್ಲಿ ಒಳಗಡೆಯಿಂದ ಮಬ್ಬು ಪದರ ಕೂರೋದು ಮಾಮೂಲು, ಅದು ಕಾಂಟ್ರಾಸ್ಟ್ ಎಳೆದು ಹಾಕತ್ತೆ. ಮೇಲಿನ ಚೌಕಟ್ಟು ಬಿಚ್ಚಿ ಒಳಗಿಂದ ಒರೆಸಿದ್ರ ಹೋಗತ್ತೆ. ಅವೆರಡರ ದೀಪ ಫ್ಲೋರೊಸೆಂಟ್, ಬಿಸಿ ಆಗೋತನಕ ಕಾಯಬೇಕು. ವಿ800, ವಿ850ದು ಎಲ್‌ಇಡಿ, ಹಾಕಿದ ಕೂಡ್ಲೇ ರೆಡಿ. 120 ಹೋಲ್ಡರ್, ಅದರ ಅಕ್ರಿಲಿಕ್ ಹಾಳೆ ಎರಡೂ ಐತೇನು ಅಂತ ಕೈಯಲ್ಲಿ ಹಿಡಿದು ನೋಡಿ ದುಡ್ಡು ಕೊಡ್ರಿ. ಹೊರದೇಶದಿಂದ ಬಂದ ಯಂತ್ರ ಆದ್ರ ಅಡಾಪ್ಟರ್ ಮೇಲೆ ಇಲ್ಲಾ ಯಂತ್ರದ ಬೆನ್ನ ಮೇಲೆ 100–240 ವೋಲ್ಟ್ ಅಂತ ಬರೆದಿರಬೇಕು, ಬರೀ 100 ಅಥವಾ 120 ಅಂತಿದ್ರ ನಮ್ಮ 230ಕ್ಕೆ ನೇರ ಚುಚ್ಚಬ್ಯಾಡ್ರಿ. 6×17 ಸ್ಕ್ಯಾನ್ ನಡುವೆ ಕರೆಂಟ್ ಹೋದ್ರ ಆ ಫೈಲ್ ಹೋದಂಗೇ, ಚಿಕ್ಕ ಯುಪಿಎಸ್ ಒಂದು ಇಟ್ಕೊಳ್ರಿ.